ಕಿಟಕಿಯ ಹಿಂದಿನ ದೇವಿ

ದೇವಿ ತಟ್ಟಲಿಲ್ಲ. ತಟ್ಟಿದವನು ನಾನು — ಹಾಸನದ ತಂತಿ ಕಚೇರಿಯಲ್ಲಿ ಆಗ ಗುಮಾಸ್ತನಾಗಿದ್ದ ನಾನು, ಇದೇ ಕೈಯಿಂದ. ಪುಟ್ಟತಾಯಿ ಸುಳ್ಳು ಹೇಳಿದವಳಲ್ಲ. ಅವಳ ಮೇಲೆ ಸಗಣಿ ನೀರು ಎರಚಿದವರಲ್ಲಿ ಕೆಲವರಾದರೂ ಇನ್ನೂ ಬದುಕಿದ್ದೀರಿ. ನಿಮಗೆ ಇದನ್ನು ಮೊದಲು ಹೇಳಿಬಿಡಬೇಕು.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮೈಸೂರಿನಲ್ಲಿ ಕುದುರೆ ರೇಸು ಇದ್ದ ದಿನ ನಮ್ಮ ಬೀದಿಯ ಕಾಫಿ ಕ್ಲಬ್ಬಿನ ಹಿಂಗೋಣೆಯಲ್ಲಿ ಬಾಜಿ ನಡೆಯುತ್ತಿತ್ತು. ಗೆದ್ದ ಕುದುರೆಯ ನಂಬರು ತಂತಿಯಲ್ಲಿ ಬರಬೇಕು. ಬರುವ ತನಕ ಯಾರು ಬೇಕಾದರೂ ಬಾಜಿ ಕಟ್ಟಬಹುದು. ಜನ ಆ ಕುದುರೆಗಳನ್ನು ಕಂಡವರಲ್ಲ, ಆ ಮೈದಾನವನ್ನೂ ಕಂಡವರಲ್ಲ. ಅವರು ನಂಬಿದ್ದು ಒಂದನ್ನೇ — ತಂತಿ ಸುಳ್ಳಾಡುವುದಿಲ್ಲ ಎಂಬುದನ್ನು. ಆ ತಂತಿ ಮೊದಲು ಬೀಳುತ್ತಿದ್ದುದು ನನ್ನ ಕಿವಿಗೆ.

ಕ್ಲಬ್ಬಿನ ಸಾಹುಕಾರ, ಜಟಕಾ ಹೊಡೆಯುವ ಜವರಪ್ಪ, ನಾನು — ಮೂವರೂ ಸೇರಿ ಹೂಡಿದ ಆಟ ಅದು. ಜವರಪ್ಪನ ಅಕ್ಕ ಪುಟ್ಟತಾಯಿ, ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವಳು. ರೇಸಿನ ದಿನ ಅವನು ಅವಳನ್ನು ಜಟಕಾದಲ್ಲಿ ಕೂರಿಸಿಕೊಂಡು ಬಂದು ನನ್ನ ಕಿಟಕಿಯ ಕೆಳಗೆ ನಿಲ್ಲಿಸುತ್ತಿದ್ದ. ತಂತಿ ಬಂದೊಡನೆ ನಾನು ಮುಚ್ಚಿದ ಕಿಟಕಿಯ ಕದದ ಮೇಲೆ ಒಳಗಿನಿಂದ ಮೆಲ್ಲನೆ ತಟ್ಟುತ್ತಿದ್ದೆ, ಗೆದ್ದ ಕುದುರೆಯ ನಂಬರು ಎಷ್ಟೋ ಅಷ್ಟು ಸಲ. ಬೀದಿಯ ಗದ್ದಲದಲ್ಲಿ ಅದು ಕೇಳುತ್ತಿದ್ದುದು ಅವಳೊಬ್ಬಳಿಗೇ.

"ಅಕ್ಕಯ್ಯಾ, ದೇವಿ ನಿನ್ನ ಕಿವಿಗೆ ಮಾತ್ರ ತಟ್ತಾಳೆ ಕಣವ್ವಾ. ಎಷ್ಟು ಸಲ ಅಂತ ನೀನು ಯೋಳು, ಸಾಕು," ಎಂದು ತಮ್ಮ ನಂಬಿಸಿದ್ದ. ಅವಳು ನಂಬಿದ್ದಳು. ಅವಳ ದನಿ ತೀರಾ ಸಣ್ಣದು; ಅವಳು ಹೇಳಿದ್ದನ್ನು ಜವರಪ್ಪ ಬೀದಿಗೆ ಕೂಗಿ ಹೇಳುತ್ತಿದ್ದ. ಜನ ಓಡಿಹೋಗಿ ಬಾಜಿ ಕಟ್ಟುತ್ತಿದ್ದರು. ಅದಾದ ಮೇಲೆ ನಾನು ತಂತಿಯನ್ನು ಕ್ಲಬ್ಬಿಗೆ ಕಳಿಸುತ್ತಿದ್ದೆ. ಅವಳ ಮಾತು ಒಮ್ಮೆಯೂ ತಪ್ಪಲಿಲ್ಲ — ಹೇಗೆ ತಪ್ಪೀತು? ಸಾಹುಕಾರ ನಗುತ್ತಲೇ ಸೋಲುತ್ತಿದ್ದ. ಬೇಕೆಂದೇ.

ಕ್ರಮೇಣ ಹೆಂಗಸರು ಜಟಕಾದ ಚಕ್ರಕ್ಕೆ ಅರಿಶಿನ ಹಚ್ಚಿದರು. ಚನ್ನರಾಯಪಟ್ಟಣ, ಅರಕಲಗೂಡಿನಿಂದೆಲ್ಲ ಗಾಡಿ ಕಟ್ಟಿಕೊಂಡು ಬಂದರು. ನಾನು ಕದದ ಸಂದಿಯಿಂದ ನೋಡುತ್ತಿದ್ದೆ. ಅವರು ಕೈ ಮುಗಿಯುತ್ತಿದ್ದುದು ನನ್ನ ಕಿಟಕಿಗೆ. ನಿಜ ಹೇಳುತ್ತೇನೆ — ಸಾಹುಕಾರ ಕೊಡುವ ಪಾಲಿನ ಆಸೆಗಿಂತ ಆ ಕೈಗಳನ್ನು ನೋಡುವ ಆಸೆಯೇ ನನ್ನನ್ನು ಅಲ್ಲಿ ಕೂರಿಸಿತು. ಪುಟ್ಟತಾಯಿ ಮಾತ್ರ ಯಾರಿಂದಲೂ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡವಳಲ್ಲ. ತಟ್ಟಿದ ಸದ್ದು ಕೇಳಿದಾಗ ಅವಳ ಮುಖದಲ್ಲಿ ಮೂಡುತ್ತಿದ್ದ ಬೆಳಕು... ಅದನ್ನು ಹೇಗೆ ಬರೆಯಲಿ ತಿಳಿಯದು.

ನಂಬಿಕೆ ಚೆನ್ನಾಗಿ ಬಲಿತ ಮೇಲೆ ಸಾಹುಕಾರ ಹೇಳಿಕಳಿಸಿದ. ಬರುವ ದೊಡ್ಡ ರೇಸಿನಲ್ಲಿ ಯಾವ ಕುದುರೆಯೇ ಗೆಲ್ಲಲಿ, ಮೂರೇ ತಟ್ಟಬೇಕು. ಮೂರನೆಯದು ಎಂದೂ ಗೆಲ್ಲದ ಕುದುರೆ. ಊರೆಲ್ಲ ಅದರ ಮೇಲೆ ಕಟ್ಟಿ ಮುಳುಗಬೇಕು. ಜವರಪ್ಪನೂ ಒಪ್ಪಿದ್ದ. ನಾನೂ.

ಆ ದಿನ ತಂತಿಯಲ್ಲಿ ಬಂದ ನಂಬರು ಐದು. ನಾನು ಕದದ ಬಳಿ ಹೋಗಿ ಮೂರು ತಟ್ಟಿದೆ. ಹೊರಗೆ ಪುಟ್ಟತಾಯಿ ತಲೆ ಓರೆ ಮಾಡಿ ಇನ್ನೂ ಕೇಳುತ್ತಲೇ ಇದ್ದಳು — ನನ್ನ ಕೈ ನಿಂತ ಮೇಲೂ. ಆಮೇಲೆ ಅವಳ ಸಣ್ಣ ದನಿ, ಕದದ ಆಚೆಯಿಂದ ಸ್ಪಷ್ಟವಾಗಿ:

"ಐದು."

ಜವರಪ್ಪ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಮೂರು! ಅಕ್ಕಯ್ಯ ಮೂರು ಅಂದ್ಲು ಕಣ್ರಪ್ಪೋ!" ಎಂದು ಕೂಗಿದ. ಅವಳು ಅವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಜನ ಆಗಲೇ ಓಡಿದ್ದರು.

ತಂತಿ ಕ್ಲಬ್ಬಿಗೆ ಮುಟ್ಟಿದ ಮೇಲೆ ಬೀದಿ ಬೀದಿಯಾಗಿ ಉಳಿಯಲಿಲ್ಲ. "ನಾನು ಐದು ಅಂದೆ ಕಣ್ರಪ್ಪಾ," ಎಂದಳು ಅವಳು. ಐದು ಗೆದ್ದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ ಎಂದು ಜನ ನಕ್ಕರು. ಜವರಪ್ಪ ಆಗಲೇ ಕಣ್ಮರೆಯಾಗಿದ್ದ. ಅವಳು ಗೋಡೆ ತಡವಿಕೊಂಡು ಬಂದು ನನ್ನ ಕಿಟಕಿಯ ಕೆಳಗೆ ನಿಂತಳು.

"ತಂತಿ ಸೋಮಿ, ನೀವು ಇಲ್ಲೇ ಇದ್ರಲ್ಲಾ. ನಾನು ಏನಂದೆ ಅಂತ ಒಂದ್ ಮಾತು ಯೋಳಿ ಇವರಿಗೆ."

ಜವರಪ್ಪನನ್ನು ಬಿಟ್ಟರೆ ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ. ಐದು ಅಂದಳು ಎಂದು ನಾನು ಹೇಳಿದರೆ ಜವರಪ್ಪ ಸಿಕ್ಕಿಬೀಳುತ್ತಿದ್ದ, ಅವನ ಹಿಂದೆ ನಾನು. ಕದ ತೆರೆದು ಅಷ್ಟು ಜನರ ಎದುರು ಹೇಳಿದೆ:

"ಮೂರು ಅಂದಳು. ನನ್ನ ಕಿವಿಯಾರೆ ಕೇಳಿದೆ."

ಸಗಣಿ ನೀರು ಬಿದ್ದದ್ದು ಆಗ. ಅವಳು ಅಳಲಿಲ್ಲ. ಮುಖ ಮಾತ್ರ ನನ್ನ ಕಡೆಗೇ ಇತ್ತು.

ತಮ್ಮ ಅವಳನ್ನು ಹಳ್ಳಿಮೈಸೂರಿನ ನೆಂಟರ ಮನೆಗೆ ಸಾಗಿಸಿದನೆಂದು ಆಮೇಲೆ ತಿಳಿಯಿತು. ಯುದ್ಧದ ಕಾಲದಲ್ಲಿ ನನಗೆ ಆ ಊರಿಗೆ ಹತ್ತಿರದ ಹೊಳೆನರಸೀಪುರಕ್ಕೆ ವರ್ಗವಾಯಿತು. ಬಹಳ ದಿನ ತಡೆದುಕೊಂಡೆ. ಕೊನೆಗೊಂದು ಮಧ್ಯಾಹ್ನ ಅವಳನ್ನು ನೋಡಲು ಹೋದೆ. ಅವಳು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮಾತಾಡಿರಲಿಲ್ಲ, ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ ಅಷ್ಟೇ.

"ತಂತಿ ಸೋಮಿ ಬಂದ್ರಾ?" ಎಂದಳು.

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳ ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು:

"ಅವತ್ತೂ ನೀವೇ ತಟ್ಟಿದ್ದಾ?"

"ನಾನೇ."

"ಎಷ್ಟು?"

"ಮೂರು."

"ನಂಗೆ ಐದು ಕೇಳ್ತಲ್ಲ ಸೋಮಿ. ಮಿಕ್ಕ ಎರಡು ಯಾರು ತಟ್ಟಿದ್ರು?"

ಅವತ್ತು ನನ್ನ ಕಿವಿಯಲ್ಲಿ ತಂತಿಯ ಐದು, ಮನಸ್ಸಿನಲ್ಲಿ ಸಾಹುಕಾರನ ಮೂರು — ಬೆರಳು ಯಾವುದರ ಮಾತು ಕೇಳಿತೋ. ನಾನು ಮೂರಕ್ಕೇ ಕೈ ತೆಗೆದೆ ಎಂದು ಎಷ್ಟು ಸಲ ಹೇಳಿಕೊಂಡರೂ, ಆ ಕದ ಇನ್ನೂ ಅದುರುತ್ತಿದ್ದುದು ಅಂಗೈಗೆ ತಾಗಿದ ನೆನಪು...

ಅವಳು ಸಿಪ್ಪೆ ಒಟ್ಟುಮಾಡಿ ಎದ್ದಳು. "ನನ್ ಕಿವಿಗೆ ಯಾಕ್ ಯೋಳ್ತೀರಿ? ನಾನು ಏನಂದೆ ಅಂತ ನಂಗೆ ಗೊತ್ತಿತ್ತು. ಗೊತ್ತಿಲ್ದೋರಿಗೆ ಯೋಳಿ. ಸಂತೇಲಿ ನಿಂತ್ಕೊಂಡು ಯೋಳಿ."

"ಆಗಲಿ," ಎಂದೆ. ಬಸ್ಸು ಹತ್ತಿ ಬಂದೆ. ಹೇಳಲಿಲ್ಲ. ಆ ಮಳೆಗಾಲ ಅವಳು ತೀರಿಕೊಂಡಳೆಂದು ಕೇಳಿದೆ, ಆಗಲೂ ಹೇಳಲಿಲ್ಲ. ಕೆಲಸವಿತ್ತು, ಮಾನವಿತ್ತು — ನನಗೆ. ಅವಳಿಗೆ ಅದೇ ಮಾನವನ್ನು ನಾನು ಉಳಿಸಿರಲಿಲ್ಲ.

ನಾಳೆ ಹಾಸನದ ಸಂತೆ. ಬರೆದ ಇದನ್ನು ಹಿಡಿದು ಅಲ್ಲಿ ನಿಲ್ಲುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡಬೇಕಾದವಳು ಇಲ್ಲ. ಪುಟ್ಟತಾಯಿ ಐದು ಅಂದಳು ಎಂದು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.