ಒದ್ದೆ ಗೋಣಿಯ ವಾಸನೆಯ ದುಬಾರಿ ವೈನ್

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಬಹ್ರೇನಿನ ಜುಫೈರ್‌ನ ದೊಡ್ಡ ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ವೈನ್ ಬಡಿಸುವ ಕೆಲಸ. ಆರು ತಿಂಗಳ ಟ್ರಯಲ್ ಮುಗಿಯಿತು, ಕಾಗದಕ್ಕೆ ಸಹಿ ಬಿತ್ತು, ಇನ್ನು ಅವಳನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ.

ಫೋನ್ ಬಂದದ್ದು ಸೋಮವಾರ ಮಧ್ಯಾಹ್ನ. ನಾನು ಸನದ್‌ನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಬಂಗುಡೆ ಕ್ಲೀನ್ ಮಾಡುತ್ತಿದ್ದೆ. ಕೈಯೆಲ್ಲ ಮೀನು. ಹೆಂಡತಿಯೇ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

"ಅಜ್ಜಾ, ಕನ್ಫರ್ಮ್ ಆಯ್ತು!"

ನಲ್ಲಿ ನೀರು ಹರಿಯುತ್ತಲೇ ಇತ್ತು. ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಮೀನಿನ ರಕ್ತ. "ನೀರು ಬಂದ್ ಮಾಡಿ ಮಾರಾಯ್ರೆ, ಅಳುದು ಮತ್ತೆ ಅಳಿ" ಎಂದು ಹೆಂಡತಿ ಗದರಿಸಿದಳು. ಆಮೇಲೆ ನಾನು ಕೈ ತೊಳೆದು, ಲಿಂಬೆಹುಳಿ ತರುವ ನೆಪ ಮಾಡಿ ಕೆಳಗೆ ಹೋದೆ. ಲಿಫ್ಟಿನಲ್ಲಿ ಸಿಕ್ಕಿದ ಪಾಕಿಸ್ತಾನದ ಹಿರಿಯರಿಗೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ, ಅವರು ಎದೆಗೆ ಕೈಯಿಟ್ಟು "ಮುಬಾರಕ್" ಎಂದರು. ಅಂಗಡಿಯವರಿಗೂ ಹೇಳಿದೆ. ಲಿಂಬೆಹುಳಿ ಮಾತ್ರ ಮರೆತು ಬಂದೆ.

ಒಂದು ಕೆಲಸ ಖಾಯಂ ಆದದ್ದಕ್ಕೆ ಈ ಮುದುಕ ಇಷ್ಟು ಕುಣಿಯುವುದೇ ಎಂದು ನಿಮಗೆ ಅನಿಸಬಹುದು. ಆದರೆ ಮೂರು ದಿನದ ಹಿಂದೆ ಆ ಕೆಲಸ ಹೋಯಿತೆಂದೇ ನಾವೆಲ್ಲ ತಿಳಿದಿದ್ದೆವು. ಹೋಗುವುದಿದ್ದರೆ ಅದು ನನ್ನ ಮಾತಿನಿಂದಲೇ ಹೋಗುವುದಿತ್ತು.

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ಆಡುವುದು ಕೊಂಕಣಿ, ಬರೆಯಲು ಬರುವುದು ಇದೊಂದೇ ಕನ್ನಡ. ಮಂಗಳೂರಿನ ಬಂದರಿನ ಹತ್ತಿರ ಮೀನೂಟದ ಹೋಟೆಲೊಂದರಲ್ಲಿ ನಲವತ್ತು ವರ್ಷ ಸಪ್ಲಾಯರ್ ಆಗಿದ್ದೆ. ಈಗ ವೇಟರ್ ಎನ್ನುತ್ತಾರೆ, ನಮ್ಮ ಕಾಲದಲ್ಲಿ ಸಪ್ಲಾಯರ್. ಎಡಗೈಯಲ್ಲಿ ಮೊಣಕೈವರೆಗೆ ಆರು ಬಟ್ಟಲು, ಬಲಗೈಯಲ್ಲಿ ಸಾರಿನ ಬಾಲ್ದಿ, ಹೆಗಲಲ್ಲಿ ಒರೆಸುವ ಬೈರಾಸು, ಅಂದರೆ ಟವೆಲು. ಗಿರಾಕಿ ಕೂತ ಕೂಡಲೇ ಒಂದೇ ಉಸಿರಿಗೆ ಆ ದಿನದ ಮೀನುಗಳನ್ನೆಲ್ಲ ಹೇಳಿ ಮುಗಿಸಬೇಕು. ನಡುವೆ ಉಸಿರು ತೆಗೆದರೆ ಗಿರಾಕಿ ಮೊದಲು ಕೇಳಿದ್ದನ್ನು ಮರೆತು ಪುನಃ ಹೇಳಿಸುತ್ತಾನೆ.

ಮಗಳು ನರ್ಸ್ ಆಗಿ ಬಹ್ರೇನಿಗೆ ಬಂದಳು, ಅಳಿಯ ಇಲ್ಲಿ ಆಫೀಸಿನಲ್ಲಿದ್ದಾನೆ. ಈಗ ನಾವಿಬ್ಬರೂ ಅವರ ಜೊತೆಗೇ ಇದ್ದೇವೆ. ಮೊಮ್ಮಗಳು ಈಸಾ ಟೌನಿನ ಶಾಲೆಯಲ್ಲಿ ಓದಿ, ಡಿಗ್ರಿ ಮುಗಿಸಿ, ಬೇರೆಲ್ಲ ಬಿಟ್ಟು ಹೋಟೆಲ್ ಕೆಲಸ ಹಿಡಿದಳು. ಅದೂ ವೈನ್ ವಿಭಾಗ.

ಅವಳ ತಾಯಿಗೆ ಇದು ಒಪ್ಪಿಗೆ ಇರಲಿಲ್ಲ. "ಅಪ್ಪ ಬಾಲ್ದಿ ಹಿಡಿದದ್ದು ಸಾಕಾಗ್ಲಿಲ್ವಾ? ಈಗ ಇವಳು ಬಾಟ್ಲಿ ಹಿಡಿಬೇಕಾ?" ಎಂದು ನನ್ನ ಎದುರೇ ಹೇಳಿದಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಗೆ ತಾಯಿ ಮಗಳ ನಡುವೆ ಒಂದು ಕರಾರಾಯಿತು: ಆರು ತಿಂಗಳಲ್ಲಿ ಖಾಯಂ ಆಗದಿದ್ದರೆ ಮತ್ತೆ ಮಾತಿಲ್ಲ, ಅವಳ ಅಪ್ಪನ ಆಫೀಸಿಗೇ ಅರ್ಜಿ.

ಮೊದಲ ದಿನ ಕೆಲಸಕ್ಕೆ ಹೊರಡುವಾಗ ಮೊಮ್ಮಗಳು ನನ್ನ ಹತ್ತಿರ ಬಂದು, "ಅಜ್ಜ, ಫಾರ್ಟಿ ಇಯರ್ಸ್ ಎಕ್ಸ್‌ಪೀರಿಯೆನ್ಸ್, ಒಂದು ಟಿಪ್ ಕೊಡಿ" ಎಂದಳು. ಆಗ ನಾನು ಯಾರಿಗೂ, ಹೆಂಡತಿಗೂ ಹೇಳದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ.

ನಮ್ಮ ಹೋಟೆಲಿಗೆ ಬಂದರಿನಲ್ಲಿ ಮೂಟೆ ಹೊರುವ ಒಬ್ಬರು ದಿನಾ ಊಟಕ್ಕೆ ಬರುತ್ತಿದ್ದರು. ಏನು ಬೇಕೆಂದು ಅವರು ಹೇಳುತ್ತಿರಲಿಲ್ಲ, ನಾನು ಹಾಕಿದ್ದನ್ನು ಉಣ್ಣುತ್ತಿದ್ದರು. ಒಂದು ದಿನ ಅಂಜಲ್ ಮೀನಿನ ಸಾರು ನನ್ನ ಮೂಗಿಗೆ ಸರಿ ಕಾಣಲಿಲ್ಲ. ಧಣಿಗಳಿಗೆ ಹೇಳಿದೆ. "ಬಿಸಿ ಮಾಡಿ ಹಾಕು, ಎಂತ ಆಗುದಿಲ್ಲ" ಎಂದರು. ಹಾಕಿದೆ. ಆ ಮನುಷ್ಯ ಉಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನ ಬಂದರು, ಜಗಳ ಮಾಡಲಿಲ್ಲ, ಬೈಯಲಿಲ್ಲ. ನಾನು ಬಡಿಸಿದ ಮೀನನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು, ಆಮೇಲೆ ಉಂಡರು. ಅಂದಿನಿಂದ ದಿನಾ ಹಾಗೆಯೇ. ಎಷ್ಟೋ ವರ್ಷ. ಕಪಾಳಕ್ಕೆ ಎರಡು ಬಾರಿಸಿದ್ದರೆ ನಾನು ಯಾವಾಗಲೋ ಮರೆಯುತ್ತಿದ್ದೆ.

"ಹಾಗಾಗಿ ಮಗಾ," ಎಂದೆ, "ನಿನ್ನ ಮೂಗು ಬೇಡ ಹೇಳಿದ್ದನ್ನು ಗಿರಾಕಿಯ ಎದುರು ಇಡಬೇಡ. ಯಾರು ಹೇಳಿದ್ರೂ ಇಡಬೇಡ."

ಮೊದಲ ತಿಂಗಳ ಸಂಬಳದಲ್ಲಿ ಅವಳು ನಮ್ಮೆಲ್ಲರನ್ನು ತನ್ನ ರೆಸ್ಟೋರೆಂಟಿಗೆ ಊಟಕ್ಕೆ ಕರೆದಳು. ಅಲ್ಲಿ ಸಪ್ಲಾಯರುಗಳು ನಡೆದರೆ ಹೆಜ್ಜೆಯ ಸದ್ದಿಲ್ಲ. ಬಟ್ಟಲು ದೊಡ್ಡದು, ಊಟ ನಡುವಿನಲ್ಲಿ ಒಂದು ಹಿಡಿ. ನೀರು ಒಂದು ಗುಟುಕು ಕುಡಿದರೆ ಯಾರೋ ಬಂದು ತುಂಬಿಸುತ್ತಾರೆ, ನನಗೆ ಸಂಕೋಚವಾಗಿ ಕುಡಿಯುವುದನ್ನೇ ನಿಲ್ಲಿಸಿದೆ. ಊಟ ಮುಗಿದದ್ದೇ ತಡ, ಕೈ ತನ್ನಷ್ಟಕ್ಕೆ ಕೆಲಸ ಸುರು ಮಾಡಿತು. ಐದು ಬಟ್ಟಲುಗಳನ್ನು ಎಡಗೈ ಮೇಲೆ ಜೋಡಿಸಿಕೊಂಡು ಎದ್ದೇ ಬಿಟ್ಟೆ! ಅಡುಗೆಮನೆ ಯಾವ ಕಡೆ ಎಂದು ನೋಡುವಷ್ಟರಲ್ಲಿ ಅಲ್ಲಿನ ಕ್ಯಾಪ್ಟನ್, ಅಂದರೆ ಸಪ್ಲಾಯರುಗಳ ಮೇಲಿನವನು, ಓಡಿ ಬಂದು "ಸರ್, ಪ್ಲೀಸ್, ಸರ್" ಎಂದು ಅಂಗಲಾಚಿದ.

"ಇವರನ್ನು ಇಲ್ಲೇ ಕೆಲಸಕ್ಕೆ ಇಟ್ಕೊಳ್ಳಿ, ನಮಗೆ ವಾಪಸ್ ಬೇಡ" ಎಂದಳು ಹೆಂಡತಿ. ಮಗಳು ತಲೆ ತಗ್ಗಿಸಿದಳು, ಮೊಮ್ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು.

ಅಂದೇ ಅವಳು ನನ್ನ ಎದುರು ಎರಡು ಗ್ಲಾಸಿನಲ್ಲಿ ಎರಡೆರಡು ಗುಟುಕು ಕೆಂಪು ವೈನ್ ಇಟ್ಟು, ಯಾವುದು ದುಬಾರಿ ಹೇಳಿ ಎಂದಳು. ಒಂದು ಒಗರು, ನಾಲಗೆ ಒಣಗುತ್ತದೆ. ಇನ್ನೊಂದು ನನ್ನ ಹೆಂಡತಿ ಕ್ರಿಸ್ಮಸಿಗೆ ಮಾಡುತ್ತಿದ್ದ ದ್ರಾಕ್ಷಿ ವೈನಿನ ಹಾಗೆ, ಸಿಹಿ ಸ್ವಲ್ಪ ಕಡಿಮೆ. ಎರಡನೆಯದನ್ನು ತೋರಿಸಿ, "ಇದೇ, ಇಷ್ಟು ರುಚಿ ಇರುವಾಗ ರೇಟೂ ಇರ್ತದೆ" ಎಂದೆ.

"ಅದು ಎಲ್ಲಕ್ಕಿಂತ ಚೀಪ್ ಅಜ್ಜ" ಎಂದು ಕಿವಿಯಲ್ಲಿ ಹೇಳಿದಳು. "ಯಾರಿಗೂ ಹೇಳ್ಬೇಡಿ, ನಂಗೂ ಅದೇ ಇಷ್ಟ."

"ಮತ್ತೆ ಇನ್ನೊಂದಕ್ಕೆ ಅಷ್ಟು ಯಾಕೆ ಕೊಡುದು?"

"ಕೆಲವು ನಿಜವಾಗ್ಲೂ ವರ್ತ್ ಅಜ್ಜ. ಕೆಲವಕ್ಕೆ ಹೆಸರು ಮಾತ್ರ. ಕುಡಿಯೋವರೆಗೆ ಗೊತ್ತಾಗುದಿಲ್ಲ, ಕುಡಿದ ಮೇಲೆ ಯಾರೂ ಹೇಳುದಿಲ್ಲ."

ಆ ಕೊನೆಯ ಮಾತು ನನಗೆ ಆ ದಿನ ಅರ್ಥವಾಗಿರಲಿಲ್ಲ.

ಇನ್ನು ಶುಕ್ರವಾರದ ಸಂಗತಿ. ಆ ದಿನ ಮಧ್ಯಾಹ್ನ ರೆಸ್ಟೋರೆಂಟ್ ತುಂಬಿತ್ತಂತೆ. ಹತ್ತು ಜನರ ಒಂದು ಮೇಜು, ಅದರ ಯಜಮಾನರು ಮೆನುವಿನಲ್ಲಿ ಎಲ್ಲಕ್ಕಿಂತ ದುಬಾರಿಯ ಬಾಟ್ಲಿ ತರಿಸಿದರು. ಮೊಮ್ಮಗಳು ಬಾಟ್ಲಿ ತೋರಿಸಿ, ಬಿರಡೆ ತೆಗೆದು, ಕ್ರಮದ ಪ್ರಕಾರ ರುಚಿ ನೋಡಲು ಅವರಿಗೆ ಮೊದಲು ಒಂದು ಗುಟುಕು ಹಾಕಿದಳು. ಹಾಕುವಾಗಲೇ ಅವಳ ಮೂಗಿಗೆ ಬಡಿಯಿತು. ಒದ್ದೆ ಗೋಣಿ.

ಆ ವಾಸನೆ ಅವಳಿಗೆ ಹೇಗೆ ಗೊತ್ತು ಎಂದರೆ, ಹೆಂಡತಿ ಊರಿನಲ್ಲಿ ವೈನ್ ಮಾಡುವಾಗ ಭರಣಿಗೆ ಗೋಣಿ ಸುತ್ತಿ ಮೂಲೆಯಲ್ಲಿ ಇಡುವುದು. ಒಂದು ವರ್ಷ ಗೋಣಿ ಸರಿಯಾಗಿ ಒಣಗಿರಲಿಲ್ಲ. ರಜೆಗೆ ಬಂದಿದ್ದ ಈ ಹುಡುಗಿ, ಆಗ ಹತ್ತು ವರ್ಷ, ಸೋಸುವ ಬಟ್ಟೆ ಹಿಡಿದುಕೊಂಡವಳು "ಶೀ, ಒದ್ದೆ ಗೋಣಿ" ಎಂದಳು. ದೊಡ್ಡವರಾದ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಹೆಂಡತಿ ಮರುಮಾತಾಡದೆ ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದಳು.

ಆದರೆ ಆ ಯಜಮಾನರು ಗುಟುಕು ಕುಡಿದು, ಕಣ್ಣು ಮುಚ್ಚಿ, "ಬ್ಯೂಟಿಫುಲ್" ಎಂದರು! ಸುತ್ತ ಒಂಬತ್ತು ಜನ ತಲೆಯಾಡಿಸಿದರು. ಇವಳು ಬಗ್ಗಿ ಮೆಲ್ಲಗೆ, "ಸರ್, ಈ ಬಾಟ್ಲಿ ಸರಿ ಇಲ್ಲ, ಬೇರೆ ತರ್ತೇನೆ" ಎಂದಳು. ಅವರ ಮುಖ ಕೆಂಪಾಯಿತು. ಎಷ್ಟೋ ಸಲ ಇದನ್ನು ಕುಡಿದವನಿಗೆ ನೀನು ಕಲಿಸುತ್ತೀಯಾ ಎಂದರು. ಕ್ಯಾಪ್ಟನ್ ಬಂದ, ಕ್ಷಮೆ ಕೇಳಿದ, ಬಡಿಸು ಎಂದು ಇವಳಿಗೆ ಹೇಳಿದ. ಇವಳು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವನೇ ಬಡಿಸಿದ. ಆಮೇಲೆ ಒಳಗೆ ಕರೆದು, "ವೈನ್ ವಿಭಾಗದ ಮುಖ್ಯಸ್ಥೆ ರಜೆ ಮುಗಿಸಿ ಸೋಮವಾರ ಬರ್ತಾರೆ. ಬಾಟ್ಲಿಯಲ್ಲಿ ಉಳಿದದ್ದನ್ನು ಅವರಿಗೆ ಕೊಡ್ತೇನೆ. ಅವರು ಸರಿ ಉಂಟು ಎಂದರೆ ನಿನ್ನ ಟ್ರಯಲ್ ಅಲ್ಲಿಗೆ ಮುಗೀತು" ಎಂದ.

ಸಾಯಂಕಾಲ ಮನೆಗೆ ಬಂದು ಶೂಸು ಕೂಡ ಬಿಚ್ಚದೆ ಸೋಫಾದಲ್ಲಿ ಕೂತು ಇಷ್ಟನ್ನೂ ಹೇಳಿದಳು. ಕೊನೆಗೆ ನನ್ನ ಮುಖ ನೋಡಿ, "ಅಜ್ಜ, ನೀವು ಹೇಳಿದ ಹಾಗೇ ಮಾಡಿದೆ" ಎಂದಳು.

ನಾನು ಹೇಳಿದ್ದು ಮೀನಿನ ಸಾರಿನ ಮಾತು. ಇವಳ ಕೈಯಲ್ಲಿದ್ದದ್ದು, ಯಾವ ದೇಶದಿಂದಲೋ ಬಂದ, ನನಗೆ ಹೆಸರು ಹೇಳಲೂ ಬಾರದ ಬಾಟ್ಲಿ. ನಾಲ್ಕನೇ ಕ್ಲಾಸಿನ ಸಪ್ಲಾಯರನ ಬುದ್ಧಿವಾದ ಕೇಳಿ ಹುಡುಗಿಯ ಅನ್ನ ಹೋಗುವುದೇ?

ಮಗಳು ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ, ಆಫೀಸಿನ ಅರ್ಜಿಯನ್ನು ಪ್ರಿಂಟ್ ಮಾಡಿ ಮೇಜಿನ ಮೇಲೆ ಇಟ್ಟಳು. ಅದು ಬೈಗುಳಕ್ಕಿಂತ ಜಾಸ್ತಿಯಾಯಿತು. ಶನಿವಾರ, ಭಾನುವಾರ ನನಗೆ ಊಟ ಸೇರಲಿಲ್ಲ. "ನೀನು ತಪ್ಪು ಮೂಸಿರಬಹುದು, ಹೋಗಿ ಸಾರಿ ಹೇಳು ಮಗಾ" ಎಂದೂ ಹೇಳಿದೆ. ಆ ಮಾತಿಗೆ ಈಗ ನನಗೇ ನಾಚಿಕೆ.

"ಇಲ್ಲ ಅಜ್ಜ" ಎಂದಳು. "ಒದ್ದೆ ಗೋಣಿ ಅಂದ್ರೆ ಒದ್ದೆ ಗೋಣಿ."

ಸೋಮವಾರ ಬೆಳಿಗ್ಗೆ ಆ ಮುಖ್ಯಸ್ಥೆ ಬಂದರು. ಯುರೋಪಿನ ಕಡೆಯವರು, ನನ್ನ ಪ್ರಾಯವೇ ಇರಬೇಕು. ಬಾಟ್ಲಿ ತಂದು ಎದುರಿಗಿಟ್ಟರೆ ಅವರು ಕುಡಿಯಲೂ ಇಲ್ಲ. ಗ್ಲಾಸಿಗೆ ಹಾಕಿ, ಮೂಗಿನ ಹತ್ತಿರ ತಂದು, ಹಾಗೆಯೇ ಸಿಂಕಿಗೆ ಚೆಲ್ಲಿದರು. ಬಿರಡೆಯಿಂದ ಬರುವ ದೋಷವಂತೆ ಅದು, ಎಷ್ಟು ದುಬಾರಿ ಬಾಟ್ಲಿಗೂ ಬರಬಹುದಂತೆ. ಇದನ್ನು ಯಾರು ಬಡಿಸಿದರು ಎಂದು ಕೇಳಿದರು. ಕ್ಯಾಪ್ಟನ್ ನೆಲ ನೋಡಿದ. ಯಾರು ಬೇಡ ಎಂದರು ಎಂದು ಕೇಳಿದರು. ಆಗ ನನ್ನ ಮೊಮ್ಮಗಳು ಕೈ ಎತ್ತಿದಳು, ಶಾಲೆಯಲ್ಲಿ ಎತ್ತಿದ ಹಾಗೆ.

ಖಾಯಂ ಕಾಗದಕ್ಕೆ ಅಲ್ಲೇ ಸಹಿ ಬಿತ್ತು. ಅಷ್ಟಕ್ಕೇ ಬಿಡಲಿಲ್ಲ ಆ ತಾಯಿ. ಶುಕ್ರವಾರದ ಯಜಮಾನರಿಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಕಡೆಯಿಂದ ಅವರು ಏನು ಹೇಳಿದರಂತೆ ಗೊತ್ತುಂಟಾ? ನನಗೂ ಒದ್ದೆ ಪೇಪರಿನ ಹಾಗೆ ಅನಿಸಿತ್ತು, ಇಷ್ಟು ರೇಟಿನ ವೈನು ಹೀಗೇ ಇರಬೇಕು ಎಂದುಕೊಂಡೆ, ಒಮ್ಮೆ ಬ್ಯೂಟಿಫುಲ್ ಎಂದ ಮೇಲೆ ಹತ್ತು ಜನರ ಎದುರು ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ನಕ್ಕರಂತೆ!

ನಮ್ಮ ಹೋಟೆಲಿನಲ್ಲಿ ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾದರೆ ನಾಲ್ಕು ಮೇಜಿನಿಂದ ಬೊಬ್ಬೆ ಬರುತ್ತಿತ್ತು. ಊಟ ಅಗ್ಗವಾದ ಕಾರಣ ಎಲ್ಲರಿಗೂ ಧೈರ್ಯ. ಅಲ್ಲಿ ಜುಫೈರಿನಲ್ಲಿ ಹತ್ತು ಜನ ಕೂತು ಒದ್ದೆ ಗೋಣಿಯ ನೀರು ಕುಡಿದು ತಲೆಯಾಡಿಸಿದರು. ದುಬಾರಿ ವೈನಿಗೆ ಅಷ್ಟು ಕೊಡಬೇಕೋ ಬೇಡವೋ, ಅದು ಕುಡಿಯುವವರಿಗೆ ಬಿಟ್ಟದ್ದು. ಆದರೆ ಕೊಡುವವರ ಪಕ್ಕದಲ್ಲಿ ನನ್ನ ಮೊಮ್ಮಗಳಂಥ ಒಬ್ಬಳು ನಿಂತಿರಬೇಕು. ಹೊಗಳಿಕೆ ಎನ್ನುವುದಾದರೆ ಎನ್ನಿ, ಅಜ್ಜನಾದವನು ಇವತ್ತು ಹೊಗಳದೆ ಮತ್ತೆ ಯಾವಾಗ ಹೊಗಳುವುದು?

ಆ ಸಂಜೆ ಎಲ್ಲರೂ ಮನೆಯಲ್ಲಿದ್ದೆವು. ಮಗಳು ಡ್ಯೂಟಿ ಬದಲಾಯಿಸಿ ಬಂದಿದ್ದಳು. ಮೇಜಿನ ಮೇಲಿದ್ದ ಅರ್ಜಿಯನ್ನು ಅವಳೇ ಮಡಚಿ ಹಾಸಿ, ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. ಅಳಿಯ ಪುನರ್ಪುಳಿ ಶರಬತ್ತು ಮಾಡಿ ಉದ್ದ ಕಾಲಿನ ಗ್ಲಾಸುಗಳಿಗೆ ಹಾಕಿದ. ನೋಡಲು ಥೇಟ್ ಕೆಂಪು ವೈನ್.

ನಾನು ಬೈರಾಸು ಹೆಗಲಿಗೆ ಹಾಕಿ ಮೊಮ್ಮಗಳ ಎದುರು ನಿಂತೆ. ಒಂದೇ ಉಸಿರಿಗೆ ಸುರು ಮಾಡಿದೆ: "ಬಂಗುಡೆ ಪುಳಿಮುಂಚಿ ಬಂಗುಡೆ ಫ್ರೈ ಭೂತಾಯಿ ಗಸಿ ಕಾಣೆ ರವಾ ಫ್ರೈ ಅಂಜಲ್ ತವಾ ಮರುವಾಯಿ ಸುಕ್ಕ ನೀರುದೋಸೆ ಕುಚ್ಚಲಕ್ಕಿ ಅನ್ನ, ಎಂತ ಕೊಡ್ಲಿ ಮೇಡಂ?"

"ಎಲ್ಲ ಉಂಟಾ?"

"ಬಂಗುಡೆ ಪುಳಿಮುಂಚಿ ಮತ್ತೆ ಅನ್ನ ಮಾತ್ರ ಉಂಟು. ಲಿಂಬೆಹುಳಿಯೂ ಇಲ್ಲ."

ಮಗಳು ನಕ್ಕಳು, ನನ್ನ ಸಪ್ಲಾಯರ್ ಆಟಕ್ಕೆ ಅವಳು ನಕ್ಕದ್ದು ಅದೇ ಮೊದಲು. "ಅಪ್ಪಾ, ನನಗೂ ಒಂದು ಪ್ಲೇಟ್" ಎಂದು ಬಟ್ಟಲು ಚಾಚಿದಳು.

ಮೊದಲ ಮೀನನ್ನು ಮೊಮ್ಮಗಳ ಬಟ್ಟಲಿಗೆ ಹಾಕಿದೆ. ಹಾಕಿ ಅಲ್ಲೇ ನಿಂತೆ. ಯಾಕೆ ನಿಂತೆ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳು ಮೀನು ಮುರಿದಳು, ಅನ್ನದ ಜೊತೆ ಕಲಸಿದಳು, ನನ್ನ ಮುಖ ನೋಡುತ್ತಲೇ ನೇರ ಬಾಯಿಗೆ ಇಟ್ಟಳು. ಮೂಸಲಿಲ್ಲ.

"ಕೂತ್ಕೊಳ್ಳಿ ಅಜ್ಜ, ನಿಮ್ಮದು ತಣೀತದೆ" ಎಂದಳು.

ಸಪ್ಲಾಯರುಗಳು ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ನನಗೆ ಈಗಲೂ ಅದೇ ಅಭ್ಯಾಸ. ಆ ದಿನ ಬೈರಾಸನ್ನು ಕುರ್ಚಿಗೆ ಹಾಕಿ ಅವರ ನಡುವೆ ಕೂತೆ. ಹೆಂಡತಿ ನನಗೆ ದೊಡ್ಡ ಬಂಗುಡೆಯನ್ನೇ ಬಡಿಸಿದಳು, ಅಳಿಯ ಅನ್ನದ ಪಾತ್ರೆ ದಾಟಿಸಿದ, ನಾವು ಐವರೂ ಒಟ್ಟಿಗೆ ಉಂಡೆವು.