ತುಕ್ಕಾ ಹೊಡೆಯುವ ಲೆಕ್ಕ

ಮೊನ್ನೆ ದೇಶದ ರಾಜಧಾನಿಯ ಓಲ್ಡ್ ರಾಜಿಂದರ್ ನಗರದ ಟೀ ಅಂಗಡಿಯಲ್ಲಿ ಪಕ್ಕದ ಬೆಂಚಿನಿಂದ 'ತುಕ್ಕಾ' ಎಂಬ ಮಾತು ಕಿವಿಗೆ ಬಿತ್ತು. ಗೊತ್ತಿಲ್ಲದ ಪ್ರಶ್ನೆಗೆ ಅಂದಾಜಿನ ಮೇಲೆ ಉತ್ತರ ಗುರುತು ಹಾಕುವುದಕ್ಕೆ ಇಲ್ಲಿನ ಸಿವಿಲ್ ಸರ್ವಿಸ್ ಪರೀಕ್ಷಾರ್ಥಿಗಳು ಹಾಗೆನ್ನುತ್ತಾರೆ. ಕರ್ನಾಟಕದಿಂದ ಬಂದ ಹೊಸತರಲ್ಲಿ ನಾನು ಅದನ್ನು ಕಬ್ಬಿಣದ ತುಕ್ಕು ಅಂದುಕೊಂಡಿದ್ದೆ. ಈಗಲೇ ನಗಬೇಡಿ, ಇನ್ನೂ ಇದೆ.

ಎದುರಿಗೆ ಕೂತಿದ್ದವರು ನಸೀಮಾ. ಬೀದರಿನವರು, ಆಗ ನಮ್ಮ ಜೊತೆ ಇದೇ ಪರೀಕ್ಷೆಗೆ ಓದುತ್ತಿದ್ದವರು, ಈಗ ದೊಡ್ಡ ಅಧಿಕಾರಿ. ಕೆಲಸದ ಮೇಲೆ ಬಂದು ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದಿದ್ದರು. ಹಳೇ ಅಂಗಡಿಯ ಟೀ ಕುಡಿಯೋಣ ಅಂತ ನನ್ನನ್ನು ಕರೆಸಿದ್ದರು. ಜೊತೆಗೆ ಅವರ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು.

ಆ ಕಾಲಕ್ಕೆ ನಮ್ಮ ಗುಂಪಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನೊಬ್ಬನೇ. ಗತ್ತು ಕೇಳಬೇಕೆ! ಇದೇ ಬೆಂಚಿನ ಮೇಲೆ ದ್ವಿಪದ ವಿತರಣೆಯ, ಅಂದರೆ ಇಷ್ಟು ಪ್ರಯತ್ನದಲ್ಲಿ ಎಷ್ಟು ಗೆಲ್ಲಬಹುದು ಎಂಬ ಲೆಕ್ಕದ, ಪಾಠ ಮಾಡುತ್ತಿದ್ದೆ. "ನಾಲ್ಕು ಉತ್ತರದಲ್ಲಿ ಎರಡು ತಪ್ಪು ಅಂತ ಗೊತ್ತಾದ್ರೆ ಉಳಿದಿದ್ದು ಫಿಫ್ಟಿ-ಫಿಫ್ಟಿ. ನಾಣ್ಯ ಚಿಮ್ಮಿದ ಹಾಗೆ. ಇಂಥ ಹತ್ತು ಹೊಡೆದ್ರೆ ನಾಲ್ಕೋ ಐದೋ ಆರೋ ಸರಿ ಬರೋ ಸಾಧ್ಯತೆಯೇ ಹೆಚ್ಚು. ತಪ್ಪಿಗೆ ಅಂಕ ಕಳೆದ್ರೂ ಲಾಭ ನಮ್ಮದೇ."

ನಸೀಮಾ ಇತಿಹಾಸ ಓದಿದವರು. "ಅರ್ಧ ಅಂತ ಯಾರು ಹೇಳಿದ್ರು? ನಾಣ್ಯಕ್ಕೆ ನನ್ನ ಬೀಳ್ಸೋ ಆಸೆ ಇರಲ್ಲ. ಪ್ರಶ್ನೆ ತೆಗೆದವರಿಗೆ ಇರುತ್ತೆ" ಅಂದರು. ನಾನು ನಕ್ಕೆ. ಸಾಲದ್ದಕ್ಕೆ ಎಲ್ಲರನ್ನೂ ನಗಿಸಿದೆ. ಅವರು ರೂಮಿಗೆ ಹೋಗಿ, ಹಳೆಯ ಅಭ್ಯಾಸ ಪರೀಕ್ಷೆಗಳಲ್ಲಿ ತಾವು ಹೊಡೆದ ಫಿಫ್ಟಿ-ಫಿಫ್ಟಿಗಳನ್ನೆಲ್ಲ ಎಣಿಸಿದರಂತೆ. ಹತ್ತರಲ್ಲಿ ಎರಡು ಸರಿ ಬಂದಿದ್ದರೆ ಹೆಚ್ಚು. ಪರೀಕ್ಷೆಯಲ್ಲಿ ಅಂಥವನ್ನು ಖಾಲಿ ಬಿಟ್ಟರು, ಪಾಸಾದರು. ನಾನು ನನ್ನ ಕೊನೆಯ ಅವಕಾಶದಲ್ಲಿ ಒಂದನ್ನೂ ಬಿಡದೆ ಹೊಡೆದೆ, ಫೇಲಾದೆ. ಸೂತ್ರವೇನೋ ಸರಿಯಾಗಿಯೇ ಇತ್ತು. ಅದರೊಳಗೆ ನಾನು ಕೂರಿಸಿದ ಅರ್ಧವೇ ಸುಳ್ಳು. ಇಷ್ಟು ತಲೆಗೆ ಹೋಗಲು ವರ್ಷಗಳೇ ಹಿಡಿದವು. ಈಗ ಇದನ್ನೇ ಕಾಲೇಜಿನಲ್ಲಿ ಪಾಠ ಮಾಡಿ ಹೊಟ್ಟೆ ಹೊರೆಯುತ್ತೇನೆ.

ಪಕ್ಕದ ಬೆಂಚಿನ ಚರ್ಚೆ ಕೇಳಿ ನಸೀಮಾ ನಕ್ಕು, ನನ್ನನ್ನು ಆ ಹುಡುಗಿಗೆ ತೋರಿಸಿದರು. "ಇವರು ನನ್ನ ಗುರುಗಳು ಕಣಮ್ಮ. ಅರ್ಧ ಅಂತ ಸುಮ್ನೆ ನಂಬಬೇಡಿ, ನಿಮ್ಮದು ಎಷ್ಟು ಅಂತ ಮೊದಲು ಎಣಿಸಿ ನೋಡಿ ಅಂತ ಹೇಳಿಕೊಟ್ಟವರು ಇವರೇ. ಇಲ್ದಿದ್ರೆ ನಾನೆಲ್ಲಿ ಪಾಸಾಗ್ತಿದ್ದೆ!"

ಚುಚ್ಚುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಹಾಗೇ ನೆನಪಿಟ್ಟುಕೊಂಡಿದ್ದರು. ಹುಡುಗಿ ಎದ್ದು ನಿಂತು ಕೈಮುಗಿದಳು. 'ಅದು ನಾನಲ್ಲ, ನೀವೇ' ಅಂದಿದ್ದರೆ ಮುಗಿಯುತ್ತಿತ್ತು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

"ಅಯ್ಯೋ, ಅದರಲ್ಲೇನಿದೆ ಬಿಡಿ" ಅಂದೆ.