ಪಾಸ್ಟರಿಗೆ ಕೊಟ್ಟ ಮುಯ್ಯಿ

ನನ್ನ ತವರು ಕೊಡ್ಲಿಪೇಟೆ ಕಡೆ. ಅಲ್ಲಿಂದ ನಾಪೋಕ್ಲಿನ ಆಚೆಯ ಈ ಊರಿಗೆ ಮದುವೆಯಾಗಿ ಬರುವಾಗ ಅವ್ವ ಹೇಳಿದ ಬುದ್ಧಿಮಾತುಗಳಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ನೆನಪಿರುವುದು ಮುಯ್ಯಿಯ ವಿಷಯ ಒಂದೇ. ಇವತ್ತು ನೀನು ನನ್ನ ಗದ್ದೆಗೆ ದುಡಿಯಲು ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ, ಅದು ಮುಯ್ಯಿ. ಅವ್ವನ ಪ್ರಕಾರ ಅದಕ್ಕೆ ಎರಡು ಕಟ್ಟುಪಾಡು. ನಾಟಿಗೆ ನಾಟಿಯನ್ನೇ ಕೊಡಬೇಕು, ಕೊಯ್ಲಿಗೆ ಕೊಯ್ಲನ್ನೇ ಕೊಡಬೇಕು. ನಾಟಿ ಮಾಡಿಸಿಕೊಂಡು ಸೌದೆ ಒಡೆದುಕೊಟ್ಟರೆ ಮುಯ್ಯಿ ತೀರುವುದಿಲ್ಲ. ಇನ್ನೊಂದು, ಪೂರ್ತಿ ತೀರಿಸಬಾರದು. "ಒಂದು ದಿನ ಉಳಿಸ್ಕಂಡಿರು ಕಣೆ. ಎಲ್ಲ ತೀರ್ಸಿಬಿಟ್ರೆ ಆಮೇಲೆ ಯಾರ ಮನೆಗೆ ಯಾರು ಬತ್ತಾರೆ?" ಎನ್ನುತ್ತಿದ್ದಳು.

ಇದು ಗದ್ದೆಯ ಮಾತು. ಪಾಸ್ಟರಿಗೆ ಗದ್ದೆಯೇ ಇರಲಿಲ್ಲ.

ಅವರು ಪಾಲಿಬೆಟ್ಟದ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವರು. ಅಪ್ಪ ಅಮ್ಮ ಇಬ್ಬರೂ ಕಾಫಿ ಪಿಕ್ಕಿಂಗ್ ಮಾಡಿ ಮಗನನ್ನು ಓದಿಸಿದ್ದರು. ಮೂವತ್ತೈದರ ಆಸುಪಾಸಿನ, ಕಡ್ಡಿ ಮೈಯ, ನಗುಮುಖದ ಮನುಷ್ಯ. ನಮ್ಮೂರಿನ ಲೈನಿನ ಪಕ್ಕ ಶೀಟು ಹೊದಿಸಿದ ಉದ್ದನೆಯ ಕೋಣೆಯೇ ಅವರ ಪ್ರಾರ್ಥನಾ ಮಂದಿರ, ಅದಕ್ಕೆ ಅಂಟಿದ ಎರಡು ಕೋಣೆ ಅವರ ಸಂಸಾರ. ನನಗೂ ಅವರಿಗೂ ಪರಿಚಯವಾದದ್ದೇ ಜಗಳದಿಂದ. ಭಾನುವಾರ ಬೆಳಿಗ್ಗೆ ಮೈಕಿನ ಸದ್ದಿಗೆ ನಮ್ಮ ಅತ್ತೆಯ ಮಾತು ನನಗೆ ಕೇಳುತ್ತಿರಲಿಲ್ಲ. ಅದರಿಂದ ಲಾಭವೂ ಇತ್ತು, ಆದರೂ ಹೋಗಿ ಬೈದು ಬಂದೆ. ಮರುವಾರ ಸ್ಪೀಕರಿನ ಮುಖ ಕಾಡಿನ ಕಡೆ ತಿರುಗಿತ್ತು. "ಈಗ ಕಾಡುಹಂದಿಗಳು ಕೇಳ್ತಾವೆ ಅಕ್ಕಾ. ಅವು ಕಂಪ್ಲೇಂಟ್ ಕೊಟ್ಟಿಲ್ಲ" ಎಂದರು. ಆಮೇಲೆ ಅವರನ್ನು ಬೈಯಲು ನನಗೆ ಕಾರಣ ಸಿಗಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬೆಟ್ಟ ಜಾರಿತು. ನಾನೂ ನನ್ನ ಗಂಡನೂ ಗದ್ದೆಯ ಬದು ಒಡೆದಿದೆಯೇ ಎಂದು ನೋಡಲು ಕೆಳಗೆ ಹೋಗಿದ್ದೆವು. ಸದ್ದು ಕೇಳಿ ಓಡಿ ಬಂದರೆ ಕೊಟ್ಟಿಗೆ ಇರಲಿಲ್ಲ, ಮನೆಯ ಅರ್ಧ ಕಿಟಕಿಯವರೆಗೆ ಕೆಸರು. ಎಂಬತ್ತು ದಾಟಿದ ಅತ್ತೆ ಒಳಗಿದ್ದಾರೆಂದು ನಾನು ಬರಿಗೈಯಲ್ಲಿ ಮಣ್ಣು ಕೆರೆಯುತ್ತಿದ್ದೆ. ಆಗ ಯಾರೋ ಕೂಗಿ ಹೇಳಿದರು, ಪಾಸ್ಟರೇ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಮುಟ್ಟಿಸಿದ್ದಾರೆ ಎಂದು. ನಾನು ಆ ಕೆಸರಿನಲ್ಲೇ ಕುಳಿತು ಅತ್ತುಬಿಟ್ಟೆ.

ಶಾಲೆಯೇ ಕ್ಯಾಂಪ್ ಆಯಿತು. ಗಂಡಸರೆಲ್ಲ ಹಾರೆ ಗುದ್ದಲಿ ಹಿಡಿದು ದಾರಿ ಬಿಡಿಸುತ್ತಿದ್ದರೆ ಪಾಸ್ಟರ್ ಮಾತ್ರ ಕುಳಿತಿರುತ್ತಿದ್ದರು. ಯಾರು ಗೋಡೆ ನೋಡುತ್ತಾ ಕುಳಿತಿದ್ದಾರೋ ಅವರ ಪಕ್ಕ ಹೋಗಿ ಕುಳಿತುಕೊಳ್ಳುವುದು, ಗಂಟೆಗಟ್ಟಲೆ. ನಮ್ಮ ಅತ್ತೆ ಗಂಜಿ ಮುಟ್ಟುತ್ತಿರಲಿಲ್ಲ, ಬೇರೆ ಮಾತೂ ಇಲ್ಲ. ಪಾಸ್ಟರ್ ಬಂದಾಗಲೆಲ್ಲ ಒಂದೇ ಪ್ರಶ್ನೆ: "ದನದ ಹಗ್ಗ ಬಿಚ್ಚಿದ್ದಾ?" ಪಾಸ್ಟರ್ ಪ್ರತಿ ಸಲವೂ, "ಗೊತ್ತಿಲ್ಲ ಅಜ್ಜಿ. ನಾನು ಇಲ್ಲೇ ಇದ್ದೀನಿ" ಎನ್ನುತ್ತಿದ್ದರು. ಒಂದು ವಾರದ ಮೇಲೆ ಅತ್ತೆ ಅವರ ಕೈಯಿಂದ ಅರ್ಧ ಲೋಟ ಗಂಜಿ ಕುಡಿದರು. ಅಷ್ಟರಲ್ಲಿ ಕೆಸರಿನಡಿ ದನದ ಹೆಣ ಸಿಕ್ಕಿತ್ತು, ಕೊರಳಲ್ಲಿ ಹಗ್ಗ ಹಾಗೇ ಇತ್ತು. ಮುದುಕಿಗೆ ಹೇಳುವುದು ಬೇಡವೆಂದು ನಾವೆಲ್ಲ ಸುಮ್ಮನಿದ್ದೆವು. ಪಾಸ್ಟರೂ ಅದಕ್ಕೇ ಗೊತ್ತಿಲ್ಲ ಅನ್ನುತ್ತಿದ್ದಾರೆ ಎಂದುಕೊಂಡೆ.

ಮಳೆ ಬಿಟ್ಟಿತು. ನಾವು ಮನೆ ತೊಳೆದು ಒಳಸೇರಿದೆವು. ಪಾಸ್ಟರ ಪ್ರಾರ್ಥನೆಗೆ ಬರುತ್ತಿದ್ದ ಮೂವತ್ತು ಜನರಲ್ಲಿ ಆರೋ ಏಳೋ ಮಂದಿ ಉಳಿದರು, ಮಿಕ್ಕವರಿಗೆ ದೂರದಲ್ಲಿ ಹೊಸ ಮನೆ ಸಿಕ್ಕಿತ್ತು. ಭಾನುವಾರದ ಮೈಕು ನಿಂತಿತು. ಮೊದಲೆರಡು ವಾರ ನಾನು ಗಮನಿಸಲಿಲ್ಲ. ಮೂರನೆಯ ವಾರ ಅತ್ತೆಯ ಮಾತು ಸ್ಪಷ್ಟವಾಗಿ ಕೇಳಿಸತೊಡಗಿದಾಗ ಗಾಬರಿಯಾಗಿ, ಒಂದು ಗೊನೆ ಬಾಳೆಹಣ್ಣು ಹೊತ್ತು ಹೋದೆ.

ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿದ್ದಳು. ಪಾಸ್ಟರ್ ಪುಸ್ತಕಗಳನ್ನು ಕಾಫಿ ಚೀಲಕ್ಕೆ ತುಂಬುತ್ತಿದ್ದರು. ತಮ್ಮ ಸಭೆಯ ಹಿರಿಯರಿಗೆ ಕಾಗದ ಬರೆದಾಗಿದೆ, ತಿಂಗಳ ಕೊನೆಗೆ ಬೀಗ ಹಾಕಿ ಹೊರಡುವುದು ಎಂದರು.

"ಯಾಕಂತೆ?" ಎಂದೆ.

"ಬಾಯಿ ತೆಗೆದ್ರೆ ಮಾತು ಬರ್ತಿಲ್ಲ ಅಕ್ಕಾ. ಪ್ರಾರ್ಥನೆ ಅಂತ ನಿಂತ್ರೆ ಗಂಟಲು ಕಟ್ಟುತ್ತೆ. ಮಾತು ಬರದ ಪಾಸ್ಟರನ್ನ ಇಟ್ಕೊಂಡು ಏನ್ ಮಾಡ್ತಾರೆ?"

ಧೈರ್ಯ ಹೇಳಲು ಆಗಲೇ ಜನ ಬಂದುಹೋಗಿದ್ದರಂತೆ. ಮಡಿಕೇರಿಯಲ್ಲಿ ಒಂದು ಹಾಲ್ ಹಿಡಿದು, ಮಳೆಯಲ್ಲಿ ನೊಂದ ಕಡೆಯ ಪಾಸ್ಟರುಗಳನ್ನೆಲ್ಲ ಕೂರಿಸಿ, ದೂರದ ಊರಿನ ದೊಡ್ಡವರು ವಿಶ್ರಾಂತಿಯ ಮಹತ್ವದ ಬಗ್ಗೆ ಬಿಡುವೇ ಕೊಡದೆ ಮಾತಾಡಿದ್ದರು. "ಹಿಂದಿನ ಸಾಲಲ್ಲಿ ಇನ್ನೊಬ್ಬ ಪಾಸ್ಟರ್ ಇದ್ರು ಅಕ್ಕಾ, ಅವರ ಊರೂ ಹೋಗಿದೆ. ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಮಾಡಿದ್ವಿ. ಅದೇ ಚೆನ್ನಾಗಿತ್ತು."

ಆ ಮಾತು ನನಗೆ ಆಗಲೇ ಅರ್ಥವಾಗಬೇಕಿತ್ತು. ನಾನೋ ಆ ದೊಡ್ಡವರಿಗಿಂತ ಏನೂ ಕಡಿಮೆಯಿಲ್ಲ. ಈಸಬೇಕು ಇದ್ದು ಜೈಸಬೇಕು ಎಂದೆ, ಕಷ್ಟ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದೆಯೇ ಎಂದೆ, ಹೇಡಿ ಎಂದು ಕೂಡ ಅಂದೆ. ಕೊನೆಗೆ ನನಗೇ ಅಳು ಬಂದು, ಅವರೇ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದರು.

ಊರಲ್ಲಿ ಸುದ್ದಿ ಹರಡಿತು. ಕ್ಯಾಂಪಿನಲ್ಲಿ ಪಾಸ್ಟರ್ ಪಕ್ಕ ಕೂರದ ಮನೆಯೇ ಇರಲಿಲ್ಲವಲ್ಲ. ಅವರಿಗೆ ಮುಯ್ಯಿ ಕೊಡದೆ ಕಳಿಸುವುದು ಹೇಗೆ ಎಂದು ಅಂಗಡಿ ಜಗಲಿಯಲ್ಲಿ ತೀರ್ಮಾನವಾಯಿತು. ಒಂದು ಶನಿವಾರ ಹದಿನೈದು ಜನ ಹಾರೆ ಗುದ್ದಲಿ ಹಿಡಿದು ಹೋದೆವು. ಪ್ರಾರ್ಥನಾ ಮಂದಿರದ ಸುತ್ತ ಒಂದು ಬೊಗಸೆ ಕೆಸರೂ ಇರಲಿಲ್ಲ. ಬಂದ ತಪ್ಪಿಗೆ ಹುಲ್ಲು ಕೆತ್ತಿದೆವು, ಬೇಡವೆಂದರೂ ಕೇಳದೆ ಒಂದು ಕಾಲುವೆ ತೋಡಿದೆವು. ಗದ್ದೆಯ ಜನ ನಾವು. ನೀರನ್ನು ಒಳಕ್ಕೆ ತಂದು ನಿಲ್ಲಿಸುವುದು ಗೊತ್ತೇ ಹೊರತು ಹೊರಗೆ ಅಟ್ಟುವುದು ಗೊತ್ತಿಲ್ಲ. ಸಂಜೆ ಬಿದ್ದ ಮಳೆಗೆ ಮೇಲಿನ ನೀರೆಲ್ಲ ಶಿಸ್ತಾಗಿ ಹರಿದುಬಂದು ಅವರ ಜಗಲಿಯಲ್ಲಿ ನಾಟಿಗೆ ಆಗುವಷ್ಟು ನಿಂತಿತು. ಪಾಸ್ಟರ್ ಪಂಚೆ ಎತ್ತಿ ಕಟ್ಟಿ ನೀರು ಎತ್ತಿಹಾಕುತ್ತಾ ನಮಗೆಲ್ಲ ಥ್ಯಾಂಕ್ಸ್ ಹೇಳಿದರು.

ಮನೆಗೆ ಬಂದು ಕಾಲು ತೊಳೆಯುವಾಗ ಅತ್ತೆ ಎಲ್ಲ ಕೇಳಿಸಿಕೊಂಡರು. ಅವರದು ಈ ಕಡೆಯ ಅರೆಭಾಷೆ, ಮಾತು ಕಡಿಮೆ, ಆಡಿದರೆ ಏಟು ಬಿದ್ದಂತೆ. "ಅವ ನಮ್ಮ ಮಣ್ಣ್ ಹೊತ್ತನಾ?" ಎಂದರು. "ಅವ ಕುದ್ದ್‌ಕಂಡಿದ್ದ. ನೀವು ಹಾರೆ ಹಿಡ್ಕಂಡ್ ಹೋದದ್ ಎಂತಕ್ಕೆ?"

ಕೂತವನಿಗೆ ಕೂರುವುದೇ ಮುಯ್ಯಿ. ನಾಟಿಗೆ ನಾಟಿ ಎಂದು ಅವ್ವ ಹೇಳಿದ್ದನ್ನು ಮೂವತ್ತು ವರ್ಷ ಜಪಿಸಿಕೊಂಡು ಬಂದ ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮರುದಿನ ಭಾನುವಾರ. ಅತ್ತೆ ಒಗೆದ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. ನನ್ನ ಗಂಡ "ಅಲ್ಲಿ ಎಂತ ಉಟ್ಟು?" ಎಂದು, ಅಲ್ಲೇನಿದೆ ಎಂದು ತಾಯಿಯ ಭಾಷೆಯಲ್ಲೇ ಗೊಣಗಿ, ಮತ್ತೆ "ನಾನೂ ಬನ್ನೆ" ಎಂದು ಹೊರಟರು. ನಾವು ಯಾರೂ ಅಲ್ಲಿಯವರೆಗೆ ಆ ಬಾಗಿಲು ದಾಟಿದವರಲ್ಲ. ಚಪ್ಪಲಿ ಬಿಟ್ಟು, ಗಂಟೆ ಎಲ್ಲಿದೆ ಎಂದು ಅಭ್ಯಾಸಬಲದಿಂದ ಮೇಲೆ ನೋಡಿ, ಹಿಂದಿನ ಬೆಂಚಿನಲ್ಲಿ ಕುಳಿತೆವು. ಮುಂದೆ ಲೈನಿನ ಆರು ಮಂದಿ. ಪಾಸ್ಟರ್ ಎದ್ದು ನಿಂತು ಪುಸ್ತಕ ತೆರೆದರು. ಮಾತು ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಶೀಟಿನ ಮೇಲೆ ಮಳೆಹನಿ ಬೀಳುವುದು ಮಾತ್ರ ಕೇಳುತ್ತಿತ್ತು. ಏನಾದರೂ ಹೇಳಿಕೊಡಬೇಕೆಂದು ನನ್ನ ನಾಲಿಗೆ ತುರಿಸಿತು, ಸೆರಗು ಕಚ್ಚಿಕೊಂಡೆ.

ಆಗ ಅತ್ತೆ ಎದ್ದರು. ಮುಂದೆ ಹೋಗಿ, ಗೋಡೆಯ ಬದಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು, ಪಾಸ್ಟರ ಪಕ್ಕದಲ್ಲಿ ಹಾಕಿ ಕುಳಿತರು. "ನಾ ಇಲ್ಲೇ ಒಳೆ, ಮಗ" ಎಂದರು, ಇಲ್ಲೇ ಇದ್ದೇನೆ ಎಂದು. ಪಾಸ್ಟರ್ ಪುಸ್ತಕ ಮುಚ್ಚಿ ನೆಲದ ಮೇಲೆ ಅವರ ಕಾಲ ಬಳಿ ಕುಳಿತರು. ಎಷ್ಟೋ ಹೊತ್ತು ಇಬ್ಬರೂ ಹಾಗೇ ಇದ್ದರು, ನಾವೂ ಇದ್ದೆವು.

"ಅಜ್ಜಿ," ಎಂದರು ಪಾಸ್ಟರ್ ಕೊನೆಗೆ. "ಹಗ್ಗ ನಾನು ಬಿಚ್ಚಲಿಲ್ಲ. ಕೊಟ್ಟಿಗೆ ಮುಂದೇನೇ ಓಡಿದ್ದು. ದನ ನನ್ನ ಮುಖ ನೋಡ್ತು. ನೀವು ಬಿಚ್ಚು ಬಿಚ್ಚು ಅಂತಿದ್ರಿ. ಬಿಚ್ಚೋಕೆ ಟೈಮ್ ಇತ್ತೋ ಏನೋ, ನಾನು ಹೆದರಿ ಓಡಿಬಿಟ್ಟೆ. ದಿನಾ ನೀವು ಕೇಳಿದಾಗ ಗೊತ್ತಿಲ್ಲ ಅಂತ ಸುಳ್ಳು ಹೇಳ್ದೆ. ಆ ಬಾಯಲ್ಲಿ ಹೇಗೆ ಪ್ರಾರ್ಥನೆ ಮಾಡ್ಲಿ?"

ಆ ದನವನ್ನು ಅತ್ತೆ ಕರುವಿನಿಂದ ಸಾಕಿದ್ದರು. ಅವರು ಪಾಸ್ಟರ ತಲೆಯ ಮೇಲೆ ಕೈ ಇಟ್ಟರು.

"ಗೊತ್ತುಟ್ಟು," ಎಂದರು. "ನಾ ನಿನ್ನ ಬೆನ್ನ ಮೇಲೇ ಇದ್ದೆ ಅಲ್ಲಾ?"

"ಗೊತ್ತಿದ್ದೂ ದಿನಾ ಕೇಳಿದ್ರಲ್ಲ ಅಜ್ಜಿ?"

"ನೀನಾಗಿ ಹೇಳ್ಲಿ ಅಂತ."

ಪಾಸ್ಟರ್ ಅಜ್ಜಿಯ ಮಡಿಲಿಗೆ ಮುಖ ಇಟ್ಟು ಅತ್ತರು. ಕ್ಯಾಂಪಿನಲ್ಲಿ ನಮ್ಮೆಲ್ಲರ ಅಳುವನ್ನು ಕೇಳಿಸಿಕೊಂಡ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಗಂಡ ಕನ್ನಡಕ ಒರೆಸಿಕೊಳ್ಳುತ್ತಾ ಶೀಟು ಸೋರುತ್ತಿದೆ ಎಂದರು. ಶೀಟು ಸೋರುತ್ತಿರಲಿಲ್ಲ.

ಕಾಫಿ ಚೀಲದ ಪುಸ್ತಕಗಳು ಮತ್ತೆ ಕಪಾಟು ಸೇರಿದವು. ಹೆಂಡತಿ ಮಗು ಮರಳಿದರು. ಕಾಲುವೆಯನ್ನು ಮುಚ್ಚಲು ನಾವೇ ಹೋದೆವು, ಈ ಸಲ ಪಾಸ್ಟರ್ ಹೇಳಿದ ಕಡೆಯಲ್ಲಿ ಮಾತ್ರ ಅಗೆದೆವು. ಊರಿನವರು ಸರದಿಯಲ್ಲಿ ಮನೆಗೊಬ್ಬರಂತೆ ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದರು. ನೀವೆಲ್ಲ ಅವರ ಕಡೆ ಸೇರಿಬಿಟ್ಟಿರಾ ಎಂದು ಪಕ್ಕದೂರಿನವರೊಬ್ಬರು ಕೇಳಿದಾಗ, ಮುಯ್ಯಿಗೆ ಹೋದವರು ಗದ್ದೆ ಬರೆಸಿಕೊಂಡು ಬರುತ್ತಾರೆಯೇ ಎಂದು ಕೇಳಿ ಬಾಯಿ ಮುಚ್ಚಿಸಿದೆ. ಪಾಸ್ಟರಿಗೆ ಮಾತು ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಮೈಕು ಮತ್ತೆ ಕಾಡಿನ ಕಡೆ ಮುಖ ಮಾಡಿದೆ.

ಕಳೆದ ತಿಂಗಳು ದಾರಿಯಲ್ಲಿ ಸಿಕ್ಕಾಗ, "ಅಕ್ಕಾ, ನಿಮ್ಮ ಮನೆ ಮುಯ್ಯಿ ಪೂರ್ತಿ ತೀರಿತು. ಇನ್ನು ನೀವು ಫ್ರೀ" ಎಂದು ನಕ್ಕರು. ಇಲ್ಲ, ಒಂದು ದಿನ ಬಾಕಿ ಇದೆ ಎಂದೆ. ಯಾವಾಗ ಬರುತ್ತೀರಿ ಎಂದು ಅವರು ಆಗಿನಿಂದ ಸಿಕ್ಕಾಗಲೆಲ್ಲ ಕೇಳುತ್ತಾರೆ, ನಾನು ಮುಂದಿನ ವಾರ ಎನ್ನುತ್ತೇನೆ. ಕೊಡ್ಲಿಪೇಟೆಯ ಅವ್ವ ಹಾಕಿಕೊಟ್ಟ ಕಟ್ಟುಪಾಡು ಅವರಿಗೆ ಗೊತ್ತಿಲ್ಲ. ನಾನು ಹೇಳುವುದೂ ಇಲ್ಲ.